ಬರಿದು ಮನೆಯ ತಿಂಗಳು

ಮುಹರ್ರಮ್ 2, ಹಿಜರಿ 1374

ಬಾ ಮುಹರ್ರಮೇ, ಬಾ! ವರ್ಷದ ಹೆಬ್ಬಾಗಿಲೇ, ಕತ್ತಿಯನ್ನು ಒರೆಗೆ ಅಟ್ಟುವ ತಿಂಗಳೇ, ರಕ್ತ ಹರಿಯಬಾರದೆಂದು ದೇವರೇ ಗೆರೆ ಎಳೆದ ಮಾಸವೇ, ಬಾ! ಮೊನ್ನೆ ಸಂಜೆ ನಿನ್ನ ಎಳೆಯ ಚಂದ್ರನನ್ನು ಈ ಕಣಿವೆಗೆ ತೋರಿಸಿದವನು ಯಾರು? ನಾನು! ಮುತಹ್ಹರ್ ಮೇಷ್ಟ್ರು! ನಲವತ್ತು ವರ್ಷಗಳಿಂದ ಇದೇ ಮಸೀದಿಯ ಮಾಳಿಗೆ, ಇವೇ ಎರಡು ಕಣ್ಣು. (ಬಾಂಗ್ ಕೊಡುವ ಸುನೈದ್ ನನಗಿಂತ ಅರೆಗಳಿಗೆ ಮೊದಲು "ಅಗೋ" ಅಂದುಬಿಟ್ಟ. ನಾನು ಉಸಿರು ತೆಗೆದುಕೊಳ್ಳುತ್ತಿದ್ದೆ, ಅಷ್ಟೆ.)

ಇವತ್ತು ಶೇಖ್ ಅಮ್ರ್ ಅವರ ಅಂಗಳದಲ್ಲಿ ಪಂಚಾಯಿತಿ ಕೂಡಿತ್ತು. ಹೋದ ತಿಂಗಳ ಕೊನೆಗೆ ನೀರಿನ ಹೊಂಡದ ಹತ್ತಿರ ಸರದಿಯ ಜಗಳ ಹತ್ತಿ, ಜುಬ್ರಾನ್ ಎಂಬ ಮೂಢ ಕೆಳಗಿನ ಹಳ್ಳಿಯ ಮುಕ್ಬಿಲನ ಮಗನನ್ನು ಗುಂಡಿಟ್ಟು ಕೊಂದ. ಕೊಂದವನು ಏಡನ್ ಬಂದರಿಗೆ ಓಡಿಹೋದ. ಉಳಿದವನು ಅವನ ತಮ್ಮ ಸಿನಾನ್. ಅಣ್ಣ ಸಿಗದಿದ್ದರೆ ತಮ್ಮನ ರಕ್ತ. ಇದು ನಮ್ಮ ಬೆಟ್ಟಗಳ ಕಟ್ಟಳೆ. ಮತ್ತು ಸಿನಾನ್ ಯಾರು? ನನ್ನ ಒಬ್ಬಳೇ ಮಗಳು ತಖಿಯ್ಯಾಳ ಗಂಡ!

ಎರಡೂ ಕಡೆಯವರು ಬಂದೂಕುಗಳನ್ನು ತಂದು ಶೇಖರ ಕಾಲ ಬಳಿ ಇಟ್ಟರು. ತೀರ್ಪು ಹೀಗೆ: ಮುಹರ್ರಮ್ ಮುಗಿಯುವವರೆಗೆ ಕದನವಿರಾಮ. ಅಷ್ಟರಲ್ಲಿ ಸಿನಾನ್ ಜೋಳ ಕೊಯ್ದು, ಹೆಂಡತಿ ಮಗುವಿನೊಂದಿಗೆ ಕಣಿವೆ ಬಿಟ್ಟು ಘಟ್ಟದಾಚೆ ಹೋಗಬೇಕು. ಘಟ್ಟ ದಾಟಿದರೆ ಬದುಕಿದ. ಸಫರ್ ತಿಂಗಳ ಚಂದ್ರ ಕಂಡ ಗಳಿಗೆಗೆ ಶೇಖರ ಮಾತಿನ ಕಾವಲು ಮುಗಿಯಿತು.

"ಚಂದ್ರ ಕಂಡ ಅಂತ ಹೇಳೋರು ಯಾರು?" ಅಂದರು ಯಾರೋ. ಇಡೀ ಸಭೆ ನನ್ನ ಕಡೆ ತಿರುಗಿತು.

ಮುಕ್ಬಿಲ್ ಎದ್ದ. "ಅಲ್ಲ ಮೇಷ್ಟ್ರೇ, ಅಳಿಯನಿಗೋಸ್ಕರ ಚಂದ್ರನ್ನ ಒಂದಿನ ಸೊಂಟದಲ್ಲಿ ಸಿಕ್ಕಿಸಿಕೊಂಡು ಕೂತ್ರೆ? ನಾವೇನು ನಿಮ್ಮ ಪಂಚೆ ಜಾಡಿಸಿ ನೋಡಕ್ಕಾಗುತ್ತಾ?"

ಜನ ನಕ್ಕರು. ನಾನು ಎದ್ದೆ. ಗ್ರಂಥದ ಮೇಲೆ ಕೈಯಿಟ್ಟೆ. "ಕೇಳಿರಿ ಬೆಟ್ಟಗಳೇ, ಕೇಳಿರಿ ಬಂಡೆಗಳೇ! ಚಂದ್ರ ನನ್ನ ಕಂದನ ಕೊರಳ ಮೇಲೆಯೇ ಕುಡುಗೋಲಾಗಿ ನೇತಾಡುತ್ತಿದ್ದರೂ, ಕಂಡರೆ ಕಂಡೆ ಅನ್ನುತ್ತೇನೆ, ಕಾಣದಿದ್ದರೆ ಇಲ್ಲ ಅನ್ನುತ್ತೇನೆ!" ಅಂದೆ.

ಶೇಖರು ತಲೆದೂಗಿದರು. ನನಗೇ ರೋಮಾಂಚನವಾಯಿತೆಂದು ಬರೆಯಲು ನಾಚಿಕೆಯಿಲ್ಲ.

ಮುಹರ್ರಮ್ 6

ಪಾಠಶಾಲೆಯಲ್ಲಿ ಇವತ್ತು ತಿಂಗಳುಗಳ ಹೆಸರು.

"ಮುಹರ್ರಮ್ ಅಂದರೆ ನಿಷಿದ್ಧ. ಯಾವುದು ನಿಷಿದ್ಧ? ಹೊಡೆದಾಟ! ಕೊಲೆ! ಸಫರ್ ಅಂದರೆ ಬರಿದು."

ಗೌಂಡಿಯ ಮಗಳು ಅರ್ವಾ ಕೇಳಿದಳು: "ಯಾವುದು ಬರಿದು ಮೇಷ್ಟ್ರೇ? ಹೊಟ್ಟೆನಾ?"

"ಮನೆ ಕಣೇ, ಮನೆ!" ಅಂದೆ. ಹಿಂದಿನ ಕಾಲದ ಅರಬರನ್ನು ಕಣ್ಣ ಮುಂದೆ ತಂದು ನಿಲ್ಲಿಸಿದೆ. ಮೂರು ಪವಿತ್ರ ತಿಂಗಳು ಒಂದರ ಹಿಂದೆ ಒಂದು. ಕತ್ತಿ ಮುಟ್ಟುವಂತಿಲ್ಲ. ಗಂಡಸರು ಹಲ್ಲು ಕಡಿಯುತ್ತ ಕೂತಿದ್ದಾರೆ. ಸಫರಿನ ಚಂದ್ರ ಕಂಡದ್ದೇ ತಡ, ಒಂಟೆಯ ಮೇಲೆ ಜೀನು, ಕೈಯಲ್ಲಿ ಭರ್ಜಿ, ದಂಡು ಹೊರಟಿತು! ಹಿಂದೆ ಮಕ್ಕಾದ ಮನೆಗಳೆಲ್ಲ ಬಾಗಿಲು ತೆರೆದುಕೊಂಡು ಬರಿದಾಗಿ ನಿಂತವು. ಅದಕ್ಕೇ ಸಫರ್. ಇನ್ನು ಕೆಲವು ಪಂಡಿತರು, ಹೋದವರ ಮನೆಯಲ್ಲ, ಲೂಟಿಯಾದವರ ಮನೆ ಬರಿದಾಗುತ್ತಿತ್ತು ಅನ್ನುತ್ತಾರೆ. ಮತ್ತೆ ಕೆಲವರು, ಹೆಸರಿಟ್ಟ ವರ್ಷ ಅದು ಎಲೆ ಹಳದಿಯಾಗುವ ಕಾಲವಾಗಿತ್ತು, ಆ ಹಳದಿಯಿಂದ ಬಂದ ಹೆಸರು ಅನ್ನುತ್ತಾರೆ. ನನಗೆ ಮೊದಲನೆಯದೇ ಸರಿ. ಅದರಲ್ಲಿ ಕುದುರೆಯ ಸದ್ದಿದೆ.

ಇನ್ನೊಂದು ಕಥೆಯನ್ನೂ ಹೇಳಿದೆ. ಆ ಅಜ್ಞಾನದ ಕಾಲದಲ್ಲಿ ಒಬ್ಬ ಯಾತ್ರೆಯ ಜನದ ನಡುವೆ ಎದ್ದು ನಿಂತು, "ಈ ವರ್ಷ ಮುಹರ್ರಮ್ ಮುಹರ್ರಮಲ್ಲ, ಅದರ ಪಾವಿತ್ರ್ಯವನ್ನು ಸಫರಿಗೆ ತಳ್ಳಿದ್ದೇನೆ" ಅಂದುಬಿಡುತ್ತಿದ್ದ. ಅಷ್ಟೇ! ಜನ ಕತ್ತಿ ಹಿರಿಯುತ್ತಿದ್ದರು. ಒಬ್ಬನ ನಾಲಿಗೆ ಆಕಾಶದ ಕಟ್ಟಳೆಯನ್ನು ಅತ್ತಿತ್ತ ಸರಿಸುವುದೆಂದರೆ! ನಾನು ಗುಡುಗಿದ ರಭಸಕ್ಕೆ ಹೊರಗಿದ್ದ ಮೇಕೆಗಳು ಚದುರಿದವು.

"ಆಮೇಲೆ ಅವನ ನಾಲಿಗೆ ಏನಾಯ್ತು?" ಅಂದಳು ಅರ್ವಾ.

"ದೇವರ ವಾಣಿ ಇಳಿದು ಆ ಪದ್ಧತಿಯನ್ನೇ ಬೇರುಸಹಿತ ಕಿತ್ತಿತು," ಅಂದೆ.

ಮಕ್ಕಳು ಕಿಸಕ್ಕೆಂದವು. ಪುಸ್ತಕ ತಲೆಕೆಳಗಾಗಿ ಹಿಡಿದಿದ್ದೆನಂತೆ. ಹಿಡಿದಿದ್ದರೇನು? ನನಗೆ ಬಾಯಿಪಾಠ.

ಮುಹರ್ರಮ್ 10

ಆಶೂರಾ ಉಪವಾಸ. ಸಂಜೆ ತಖಿಯ್ಯಾ ಮೂರು ವರ್ಷದ ನಶ್ವಾನನನ್ನು ಎತ್ತಿಕೊಂಡು ಎದುರು ಗುಡ್ಡದಿಂದ ಬಂದಳು. ಜೋಳದ ರೊಟ್ಟಿ, ಮೊಸರು ತಂದಿದ್ದಳು. ಕಾಫಿ ಸಿಪ್ಪೆಯ ಕಷಾಯವನ್ನು ನಾನೇ ಬಗ್ಗಿಸಿದೆ. ಬಟ್ಟಲು ಸರಿಸಿದ್ದಳು ಹುಡುಗಿ. ಅರ್ಧ ಚಾಪೆಗೆ ಹೋಯಿತು.

"ಅಪ್ಪಾ, ಬಟ್ಟಲು ಅಲ್ಲೇ ಇತ್ತು."

"ಈಗಿನ ಕುಂಬಾರರು ಬಾಯಿ ಕಿರಿದು ಮಾಡ್ತಾರೆ."

ಮಗಳು ನನ್ನ ಮುಖದ ಮುಂದೆ ಕೈ ಆಡಿಸಿದಳು. ನೊಣ ಓಡಿಸಿದಳೆಂದು ಕಾಣುತ್ತದೆ. "ಸನಾ ಪಟ್ಟಣದಲ್ಲಿ ಕಣ್ಣಿನ ವೈದ್ಯರು ಬಂದಿದ್ದಾರಂತೆ. ಒಂದು ಸಲ..."

"ನನ್ನ ಕಣ್ಣನ್ನ ನೋಡೋಕೆ ಅವನಿಗೇ ಕಣ್ಣು ಸಾಲದು!" ಅಂದೆ. ಅವಳು ನಗಲಿಲ್ಲ. ಹೊರಡುವಾಗ ನನ್ನ ಅಂಗಿಯ ಹರಿದ ತೋಳು ಹೊಲಿದು ಹೋದಳು. ನಾನೇ ಹೊಲಿಯಬೇಕೆಂದಿದ್ದೆ. ಈ ಸಲದ ಸೂಜಿಗಳಿಗೆ ತೂತೇ ಸರಿಯಾಗಿಲ್ಲ.

ಮುಹರ್ರಮ್ 15

ಹುಣ್ಣಿಮೆ. ಧೂಳು ಎಷ್ಟಿದೆಯೆಂದರೆ ಚಂದ್ರ ಒಂದರ ಮೇಲೊಂದು ಒಟ್ಟಿದ ಎರಡು ರೊಟ್ಟಿಯ ಹಾಗೆ ಕಾಣುತ್ತಿದ್ದಾನೆ. ದೀಪದೆಣ್ಣೆಯಲ್ಲೂ ಏನೋ ಬೆರಕೆ. ಉರಿಯ ಸುತ್ತ ಬಣ್ಣದ ಬಳೆ. ವ್ಯಾಪಾರಿಗಳಿಗೆ ನರಕದಲ್ಲಿ ಬೇರೆ ಬಾಗಿಲಿದೆ.

ಸಂತೆಯಲ್ಲಿ ಮುಕ್ಬಿಲನಿಗೆ, "ಏನು ಸುನೈದ್, ಗಂಟಲು ಹೇಗಿದೆ?" ಅಂದುಬಿಟ್ಟೆ. ಮಗನನ್ನು ಕಳೆದುಕೊಂಡವನು. ಅಣಕಿಸಿದೆ ಅಂದುಕೊಂಡ. "ಗಂಟಲು ಚೆನ್ನಾಗಿದೆ ಮೇಷ್ಟ್ರೇ. ಸಫರ್ ಬರಲಿ, ಕೂಗು ಕೇಳಿಸ್ತೀನಿ," ಅಂದ. ಬಿಸಿಲು ನೇರ ಮುಖಕ್ಕಿತ್ತು. ಯಾರಿಗಾದರೂ ಆಗುವಂಥದೇ.

ಮುಹರ್ರಮ್ 19

ಮೆಟ್ಟಿಲಿಂದ ಬಿದ್ದೆ. ಅರ್ವಾಳ ಅಪ್ಪ ಕಟ್ಟಿದ ಮೆಟ್ಟಿಲು. ಕೊನೆಯದನ್ನು ಒಂದು ಗೇಣು ಕೆಳಗಿಟ್ಟಿದ್ದಾನೆ.

ಮುಹರ್ರಮ್ 22

ಸಿನಾನ್ ಬಂದಿದ್ದ. ನೆಲದ ಮೇಲೆ ಕೂತು ಹುಲ್ಲುಕಡ್ಡಿ ಮುರಿಯುತ್ತಿದ್ದ. ನನ್ನ ಅಳಿಯ ಬಂದೂಕಿಗಿಂತ ಕುಡುಗೋಲನ್ನು ಚೆನ್ನಾಗಿ ಹಿಡಿಯಬಲ್ಲವನು. ಅಣ್ಣ ಮಾಡಿದ ಪಾಪದ ದಿನ ಇವನು ಹೋರಿಗೆ ಲಾಳ ಹೊಡೆಸಲು ಬೇರೆ ಊರಿಗೆ ಹೋಗಿದ್ದ.

"ಮಾವ, ನಾನು ಇಪ್ಪತ್ತೆಂಟಕ್ಕೇ ಹೊರಡ್ಲಾ ಅಂತ. ಜೋಳ ಅರ್ಧ ಕೊಯ್ದಿದೀನಿ. ಉಳಿದದ್ದು ಹಕ್ಕಿ ತಿನ್ಲಿ."

"ಹುಚ್ಚನೇನೋ! ಘಟ್ಟದಾಚೆ ನಿನ್ನ ಮಗು ಏನು ಕಲ್ಲು ತಿನ್ನುತ್ತಾ? ಆ ಜನ ಆಶ್ರಯ ಕೊಡ್ತಾರೆ, ಹಿಟ್ಟು ಕೊಡಲ್ಲ."

"ಇಪ್ಪತ್ತೊಂಬತ್ತಕ್ಕೇ ಚಂದ್ರ ಕಂಡುಬಿಟ್ರೆ?"

ನಾನು ಎದ್ದು ನಿಂತೆ. "ನಲವತ್ತು ವರ್ಷ ಆಕಾಶವನ್ನ ಓದಿದವನು ಹೇಳ್ತಿದ್ದೇನೆ, ಕೇಳು. ಹೋದ ತಿಂಗಳು ಇಪ್ಪತ್ತೊಂಬತ್ತಕ್ಕೆ ಮುಗಿಯಿತು. ಇದು ತುಂಬು ತಿಂಗಳು. ಮೂವತ್ತು! ಮೂವತ್ತರ ಬೆಳಗ್ಗೆ ಕತ್ತೆ ಹೇರು, ಮಧ್ಯಾಹ್ನಕ್ಕೆ ಘಟ್ಟ. ಸಂಜೆ ಚಂದ್ರ ನಿನ್ನ ಬೆನ್ನು ನೋಡಲಿ."

ಅವನ ಮುಖ ಅರಳಿತು. ಅರಳಿತೆಂದೇ ನನ್ನ ಎಣಿಕೆ, ಕೋಣೆಯಲ್ಲಿ ಬೆಳಕು ಕಡಿಮೆ. "ನೀವು ಹೇಳಿದ್ಮೇಲೆ ಮುಗೀತು ಮಾವ," ಅಂದು ನನ್ನ ಮೊಣಕಾಲು ಮುಟ್ಟಿ ಹೋದ.

ಮುಹರ್ರಮ್ 27

ಮಸೀದಿಯ ಕಟ್ಟೆಯ ಮೇಲೆ ಖಾತ್ ಎಲೆ ಜಗಿಯುತ್ತ ಕೂತವರಿಗೆ ಬೇರೆ ಮಾತೇ ಇಲ್ಲ.

"ಈ ಸಲ ಚಂದ್ರ ಮೂವತ್ತಕ್ಕೇ ಬರ್ತಾನೆ ಬಿಡ್ರಪ್ಪ. ಮೇಷ್ಟ್ರ ಮಗಳು ಮೊಸರು ಕಳಿಸಿದ್ದಾಳಲ್ಲ."

"ಮೂವತ್ತೊಂದಕ್ಕೂ ಬಂದಾನು. ಮೊಸರು ಗಟ್ಟಿಯಿದ್ರೆ."

ಸುನೈದ್ ನನ್ನ ಪರವಾಗಿ ಮಾತಾಡಿದ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು: "ಹೋಗ್ಲಿ ಬಿಡ್ರೋ, ವಯಸ್ಸಾದೋರು, ಮಗಳ ಸಂಸಾರ. ನೀವಾದ್ರೆ ಏನ್ ಮಾಡ್ತಿದ್ರಿ?"

ನಾನಾದರೆ! ನಾನಾದರೆ! ನನ್ನನ್ನು ತಮ್ಮ ತಕ್ಕಡಿಯಲ್ಲಿ ಹಾಕಿ ತೂಗುವ ಈ ಎಲೆಬಾಯಿಗಳು! ನಾಡಿದ್ದು ಮಾಳಿಗೆಗೆ ಬರಲಿ. ಮುತಹ್ಹರನ ಕಣ್ಣು ಯಾರ ಮೊಸರಿಗೂ ಮಾರಾಟಕ್ಕಿಲ್ಲವೆಂದು ಕಣಿವೆಯೇ ನೋಡಲಿ.

ಮುಹರ್ರಮ್ 29, ಇಲ್ಲ, ಸಫರ್ ತಿಂಗಳ ಮೊದಲ ಇರುಳು

ಬರೆಯಲೇಬೇಕು.

ಇಡೀ ಊರು ಮಾಳಿಗೆಯ ಕೆಳಗೆ ನೆರೆದಿತ್ತು. ಪಡುವಣದಲ್ಲಿ ಧೂಳಿನ ಪರದೆ. ಸೂರ್ಯ ಕರಿಬೆಟ್ಟದ ಹಿಂದೆ ಇಳಿದ. ನಾನು ಮುಂದೆ, ಪಕ್ಕದಲ್ಲಿ ಸುನೈದ್, ಹಿಂದೆ ಮುಕ್ಬಿಲ್ ಮತ್ತು ಅವನ ಇಬ್ಬರು ಮಕ್ಕಳು.

"ನನಗೇನೂ ಕಾಣ್ತಿಲ್ಲ," ಅಂದ ಸುನೈದ್.

"ನಮಗೂ ಇಲ್ಲ," ಅಂದರು ಹುಡುಗರು.

ಮುಕ್ಬಿಲ್ ಮೆಲ್ಲಗೆ ನಕ್ಕ. "ಮೇಷ್ಟ್ರಿಗಂತೂ ಕಾಣೋದೇ ಬೇಡ."

ಆಗ ಕಂಡಿತು! ದೇವರಾಣೆ ಕಂಡಿತು! ಬೆಟ್ಟದ ಭುಜದ ಮೇಲೆ, ಸ್ವಲ್ಪ ಬಲಕ್ಕೆ, ಉಗುರು ಗೀರಿದಂಥ ಓರೆ ಗೆರೆ. ಬೆಳ್ಳಗೆ, ಬಾಗಿಕೊಂಡು, ಅಲುಗದೆ.

ಮೂವತ್ತು ಎಂದು ಸಿನಾನನಿಗೆ ಹೇಳಿದ್ದೆನಲ್ಲ! ಅವನು ನಾಳೆ ಬೆಳಗ್ಗೆ ಹೊರಡುವವನಲ್ಲವೆ! ಬಾಯಿ ಮುಚ್ಚಿಕೊಂಡರೆ ಸಾಕು. ಯಾರಿಗೂ ಕಾಣದ ಚಂದ್ರ. ನಾನೊಬ್ಬ ನುಂಗಿದರೆ ನುಂಗಿಹೋಯಿತು.

ಆದರೆ ಗ್ರಂಥ? ಆದರೆ ಪ್ರತಿಜ್ಞೆ? ನನ್ನ ಹಿಂದೆ ಆ ನಗು?

"ಕಂಡೆ!" ಎಂದು ಕೂಗಿದೆ. "ಸಫರ್! ಸಫರಿನ ಚಂದ್ರ! ಮುತಹ್ಹರ್ ಸಾಕ್ಷಿ!"

ಸುನೈದ್ ಕಣ್ಣು ಕಿರಿದು ಮಾಡಿ ನೋಡಿದ. "ಎಲ್ಲಿ ಮೇಷ್ಟ್ರೇ?" ನಾನು ಬೆರಳು ತೋರಿದೆ. "ಇರಬಹುದು," ಅಂದ. "ನೀವು ತೋರಿಸಿದ್ಮೇಲೆ ಇರಲೇಬೇಕು."

ಮುಕ್ಬಿಲ್ ನನ್ನ ಕೈ ಹಿಡಿದುಕೊಂಡ. ಆ ಒರಟು ಮನುಷ್ಯ ಅಳುತ್ತಿದ್ದ. "ತಪ್ಪು ಮಾತಾಡಿದ್ದೆ. ನಿಮ್ಮಂಥವರು ಈ ಯೆಮನ್ನಲ್ಲೇ ಇಲ್ಲ," ಅಂದ. ಶೇಖರ ಆಳು ಮೂರು ಗುಂಡು ಹಾರಿಸಿದ. ಎದುರು ಗುಡ್ಡಕ್ಕೆ ಕೇಳಿಸಿರಲೇಬೇಕು. ಕೇಳಿಸಿ, ಈಗಾಗಲೇ ಹೊರಟಿರಬೇಕು. ಕತ್ತಲೆಯಲ್ಲಿ ಘಟ್ಟದ ದಾರಿ ಕಷ್ಟ, ಆದರೆ ಸಿನಾನ್ ಗಟ್ಟಿಗ.

ದೇವರೇ, ನಾನು ಸತ್ಯವನ್ನೇ ಹೇಳಿದ್ದೇನೆ. ಸತ್ಯವನ್ನು ಹೇಳಿದವನ ಮಗಳನ್ನು ನೀನು ಕಾಯಬೇಕು. ಅದು ನಿನ್ನ ಸರದಿ.

ಸಫರ್ 1

ಗುಂಡಿನ ಸದ್ದು ಕೇಳಿಯೂ ಅವರು ರಾತ್ರಿಯೇ ಹೊರಡಲಿಲ್ಲ. ಸಿನಾನ್ ಹೆಂಡತಿಗೆ ಹೇಳಿದನಂತೆ: "ಯಾರದೋ ಮದುವೆ ಇರಬೇಕು. ಮಾವ ಮೂವತ್ತು ಅಂದಿದ್ದಾರೆ."

ಬೆಳಗ್ಗೆ ಕತ್ತೆ ಹೇರಿದರು. ಹೊಂಡದ ತಿರುವಿನಲ್ಲಿ ಮುಕ್ಬಿಲನ ಹಿರಿಯ ಮಗ ಬಂಡೆಯ ಹಿಂದೆ ಕೂತಿದ್ದ.

ಒಂದೇ ಗುಂಡು. ಮಗು ತಾಯಿಯ ಬೆನ್ನ ಮೇಲಿತ್ತು. ಜೋಳದ ಚೀಲ ಹರಿದು ದಾರಿಯಲ್ಲೆಲ್ಲ ಚೆಲ್ಲಿತ್ತು.

ಮಧ್ಯಾಹ್ನ ಸಿನಾನನನ್ನು ಮಣ್ಣು ಮಾಡಿದೆವು. ಪ್ರಾರ್ಥನೆ ನಾನೇ ಓದಿದೆ. ಧ್ವನಿ ಎಂದಿನಷ್ಟು ಏರಲಿಲ್ಲ.

ತಾರೀಖು ಬರೆಯಲಾರೆ

ಅದೇ ದಿನದ ಸಂಜೆ. ಮಕ್ಕಳು ಅಂಗಳದಲ್ಲಿ ಕೂಗಿದವು: "ಚಂದ್ರ, ಚಂದ್ರ!" ಧೂಳು ಇಳಿದು ಆಕಾಶ ತೊಳೆದಂತಿತ್ತಂತೆ. ಎಲ್ಲರಿಗೂ ಕಂಡನಂತೆ. ಬೀದಿಯಲ್ಲಿ ಚರ್ಚೆ. ದಪ್ಪಗಿದ್ದಾನೆ, ಎರಡನೇ ದಿನದವನೇ ಸರಿ ಎಂದು ಒಬ್ಬ. ಇಷ್ಟು ಸಣ್ಣಗೆ ಎರಡನೇ ದಿನ ಯಾರಪ್ಪ ಕಂಡದ್ದು ಎಂದು ಇನ್ನೊಬ್ಬ.

ನಾನು ಮಾಳಿಗೆ ಹತ್ತಿದೆ. ಪಡುವಣಕ್ಕೆ ನೋಡಿದೆ. ಅಗೋ, ಅದೇ ಗೆರೆ. ನಿನ್ನೆಯದೇ. ಉಗುರು ಗೀರಿದಂಥದು, ಓರೆಯಾಗಿ, ಬಾಗಿಕೊಂಡು. ಎದೆ ಹಗುರಾಯಿತು. ನೋಡಿದೆಯಾ, ಸುಳ್ಳಲ್ಲ!

ಆಗ ಕೆಳಗೆ ಯಾರೋ ಕರೆದರು. ತಿರುಗಿದೆ.

ಅದು ಮೂಡಣದಲ್ಲೂ ಇತ್ತು.

ಕಣ್ಣು ಉಜ್ಜಿದೆ. ಉತ್ತರಕ್ಕೆ ತಿರುಗಿದೆ, ಉತ್ತರದಲ್ಲಿ. ಗೋಡೆ ನೋಡಿದೆ, ಗೋಡೆಯ ಮೇಲೆ. ನನ್ನ ಅಂಗೈ ನೋಡಿದೆ. ಅಂಗೈಯಲ್ಲಿ ಸಫರಿನ ಚಂದ್ರ, ಬೆಳ್ಳಗೆ, ಅಲುಗದೆ. ಎಡಗಣ್ಣು ಮುಚ್ಚಿದರೆ ಉಳಿಯಿತು. ಬಲಗಣ್ಣು ಮುಚ್ಚಿದರೆ ಹೋಯಿತು.

ಮಕ್ಕಳು ತೋರಿಸುತ್ತಿದ್ದ ಜಾಗದಲ್ಲಿ, ಅದು ಹೋದ ಮೇಲೆ, ಏನೂ ಇರಲಿಲ್ಲ.

ನಿನ್ನೆ ನಾನು ಕಂಡದ್ದು ಚಂದ್ರನಲ್ಲ. ಮೂವತ್ತೇ ಸರಿಯಾಗಿತ್ತು.

ಸಫರ್ 3

ತಖಿಯ್ಯಾ ಮಗುವಿನೊಂದಿಗೆ ನನ್ನ ಮನೆಗೆ ಬಂದಿದ್ದಾಳೆ. ಬೇರೆಲ್ಲಿ ಹೋದಾಳು? ಎರಡು ದಿನ ಮಾತಾಡಲಿಲ್ಲ. ಇವತ್ತು ಒಲೆಯ ಮುಂದೆ ಕೂತಿದ್ದಳು. ನಾನೇ ಹೇಳಿದೆ. ಗೆರೆಯ ವಿಷಯ, ಮೂಡಣದ ವಿಷಯ, ಎಲ್ಲ.

"ಗೊತ್ತಿತ್ತು," ಅಂದಳು. "ಆಶೂರಾ ದಿನ ನಿಮ್ಮ ಮುಂದೆ ಐದು ಬೆರಳು ಆಡಿಸಿದೆ. ನಿಮಗೆ ಒಂದೂ ಕಾಣಲಿಲ್ಲ."

"ನಾಳೆ ಶೇಖರ ಮುಂದೆ ನಿಲ್ಲುತ್ತೇನೆ. ಜನರೆದುರು ನನ್ನ ಪೇಟ ತೆಗೆದಿಟ್ಟು ಹೇಳುತ್ತೇನೆ: ಈ ಮುತಹ್ಹರ್ ಕುರುಡ, ಈ ಮುತಹ್ಹರನ ಬಾಯಿಂದ..."

"ನಿಲ್ಲಿಸಿ." ಅವಳು ಧ್ವನಿ ಏರಿಸಲಿಲ್ಲ. "ನಿಮಗೆ ಇನ್ನೂ ಒಂದು ಸಭೆ ಬೇಕಾ? ಇನ್ನೂ ಒಂದು ಸಲ ಜನ ಬಾಯಿಬಿಟ್ಟು ನಿಮ್ಮನ್ನ ನೋಡಬೇಕಾ?"

ಪೇಟಕ್ಕೆ ಹೋಗಿದ್ದ ಕೈಯನ್ನು ನಾನು ಇಳಿಸಿದೆ.

"ಕೇಳಿ. ನೀವು ಬಾಯಿ ಬಿಟ್ಟರೆ ಏನಾಗುತ್ತೆ ಅಂತ ಯೋಚಿಸಿದೀರಾ? ಅವರ ಮಗನಿಗೆ ನನ್ನ ಗಂಡ. ರಕ್ತಕ್ಕೆ ರಕ್ತ ಸರಿಹೋಯ್ತು, ಬಾಗಿಲು ಮುಚ್ಚಿತು. ಅದು ಮುಹರ್ರಮ್ ಆಗಿತ್ತು ಅಂದ್ರೆ? ಕದನವಿರಾಮದಲ್ಲಿ ಕೊಂದ ಹಾಗಾಯ್ತು. ಆ ಸಾವು ಲೆಕ್ಕಕ್ಕಿಲ್ಲ. ಅದಕ್ಕೆ ಬೇರೆ ಸೇಡು. ಮುಕ್ಬಿಲನ ಹಳೇ ಸೇಡೂ ಹಾಗೇ ನಿಂತಿತು. ನಮ್ಮ ಮನೇಲಿ ಉಳಿದ ಗಂಡು ಯಾರು?"

ನಶ್ವಾನ್ ಚಾಪೆಯ ಮೇಲೆ ಜೋಳದ ಕಾಳು ಸಾಲಾಗಿ ಜೋಡಿಸುತ್ತಿದ್ದ. ಅವನ ಗುನುಗು ಕೇಳಿಸುತ್ತಿತ್ತು.

"ಅವತ್ತು ನಿಜ ಅಂತ ಹೇಳಿ ಅವರನ್ನ ಕೊಂದ್ರಿ. ಇನ್ಮೇಲೆ ಸುಳ್ಳು ಹೇಳಿ ಇವನನ್ನ ಉಳಿಸಿ. ಕಂಡೆ ಅಂದಿರಿ, ಕಂಡಿರಿ. ಸಾಯೋವರೆಗೂ ಕಂಡಿರಿ. ಗೊತ್ತಾಯ್ತಾ ಮೇಷ್ಟ್ರೇ?"

ಮೇಷ್ಟ್ರೇ ಅಂದಳು.

ಸಫರ್ 8

ರಾಜಿ ನಡೆಯಿತು. ಹೋರಿ ಕಡಿದರು. ಮುಕ್ಬಿಲ್ ನನ್ನನ್ನು ಅಪ್ಪಿಕೊಂಡು, "ಸ್ವಂತ ಅಳಿಯ ಅಂತ ನೋಡಲಿಲ್ಲ ಈ ಮನುಷ್ಯ," ಎಂದು ಎಲ್ಲರಿಗೂ ಹೇಳಿದ. ಮಾಂಸದ ದೊಡ್ಡ ತುಂಡು ನನಗೇ ಬಡಿಸಿದರು. ಬಾಯಲ್ಲಿಟ್ಟುಕೊಂಡೆ. ನುಂಗಲು ಬಹಳ ಹೊತ್ತಾಯಿತು.

ಬರುವಾಗ ಗೋಡೆ ತಡವುತ್ತ ಎದುರು ಗುಡ್ಡಕ್ಕೆ ಹೋದೆ. ಸಿನಾನನ ಮನೆ. ಬಾಗಿಲು ಹಾಕಿರಲಿಲ್ಲ. ಒಳಗೆ ಕೂಗಿ ನೋಡಿದೆ. ನನ್ನ ಧ್ವನಿಯೇ ಮೇಲಂತಸ್ತಿಗೆ ಹೋಗಿ ತಿರುಗಿ ಬಂತು. ಗೂಡಿನಲ್ಲಿ ಕೈಯಿಟ್ಟರೆ ದೀಪವಿಲ್ಲ. ಒಲೆ ತಣ್ಣಗಿತ್ತು. ಬೀಸುಕಲ್ಲು ಮಾತ್ರ ಇತ್ತು, ಹೊರಲಾರದ್ದು.

ಮಕ್ಕಳಿಗೆ ನಾನು ಹೇಳಿಕೊಟ್ಟ ಅರ್ಥದಲ್ಲಿ ಕುದುರೆಯ ಸದ್ದಿತ್ತು. ಇಲ್ಲಿ ಯಾವ ಸದ್ದೂ ಇಲ್ಲ.

ಸಫರ್ 17

ಸುನೈದ್ ಬಂದು ಹತ್ತಿರ ಕೂತ. ಇವನು ಬಾಂಗ್ ಕೊಡುವಾಗ ಮಾತ್ರ ಗಟ್ಟಿ, ಉಳಿದಂತೆ ಪಿಸುಮಾತಿನವನು.

"ಸಿನಾನನ ಸೋದರಮಾವ ಹಮ್ದಾನ್ ಘಟ್ಟದಾಚೆ ಮಾತಾಡ್ತಿದ್ದಾನೆ. ಅವತ್ತು ಅಲ್ಲಿ ಯಾರಿಗೂ ಚಂದ್ರ ಕಂಡಿರಲಿಲ್ಲವಂತೆ. ಅವರ ಎಣಿಕೆಯಲ್ಲಿ ಇವತ್ತು ಹದಿನಾರು."

"ಧೂಳಿತ್ತು," ಅಂದೆ.

"ಇತ್ತು. ಅವನೂ ಹಾಗೇ ಅಂದ್ಕೊಂಡಿದ್ದಾನೆ. ಅದಕ್ಕೇ ಈ ತಿಂಗಳ ಕೊನೆಗೆ ಬಂದು ನೋಡ್ತಾನಂತೆ. ನಿಮ್ಮ ಮೂವತ್ತರ ಸಂಜೆ ಚಂದ್ರ ಕಂಡರೆ ಸರಿ. ಕಾಣದಿದ್ರೆ..."

ಅವನು ಮುಗಿಸಬೇಕಾಗಿರಲಿಲ್ಲ. ಮೂವತ್ತೊಂದು ದಿನದ ತಿಂಗಳು ನಮಗಿಲ್ಲ. ಮೂವತ್ತರ ಸಂಜೆ ಆಕಾಶ ಬರಿದಾಗಿದ್ದರೆ, ನಾನು ಒಂದು ದಿನ ಮುಂಚೆ ಕೂಗಿದೆನೆಂದು ಕತ್ತೆಗೂ ಅರ್ಥವಾಗುತ್ತದೆ. ಆಮೇಲೆ ಬಂದೂಕು ಮಾತಾಡುತ್ತದೆ, ಮುಕ್ಬಿಲ್ ಉತ್ತರ ಕೊಡುತ್ತಾನೆ, ಮತ್ತು ಚಾಪೆಯ ಮೇಲೆ ಕಾಳು ಜೋಡಿಸುವವನು ಒಂದು ದಿನ ಆ ತಿರುವಿಗೆ ಬರುತ್ತಾನೆ.

ಮಗಳಿಗೆ ಹೇಳಿದೆ. ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಅವತ್ತು ನಾನೂ ಮಾಳಿಗೆಗೆ ಬರ್ತೀನಿ," ಅಂದಳು. "ನಿಮ್ಮ ಹಿಂದೆ ನಿಲ್ತೀನಿ. ಮುಸುಕಿರುತ್ತೆ, ಯಾರಿಗೂ ಗೊತ್ತಾಗಲ್ಲ. ಚಂದ್ರ ಕಂಡರೆ ನಿಮ್ಮ ಶಾಲು ಎಳೀತೀನಿ. ಎಳೆದ ತಕ್ಷಣ ಕೂಗಿ."

"ಯಾವ ದಿಕ್ಕಿಗೆ ಬೆರಳು ತೋರಿಸಲಿ?"

"ಎಡಕ್ಕೆ ಎಳೆದ್ರೆ ಎಡಕ್ಕೆ."

ಸಫರ್ 25

ಅಕ್ಷರಗಳನ್ನು ದೊಡ್ಡದಾಗಿ ಬರೆಯುತ್ತಿದ್ದೇನೆ. ಸಾಲು ಸಾಲಿನ ಮೇಲೆ ಹತ್ತುತ್ತಿದೆಯೋ ಏನೋ. ಅರ್ವಾ ಮುಂದಿನ ತಿಂಗಳ ಹೆಸರಿನ ಅರ್ಥ ಕೇಳಿದಳು. ರಬೀ, ವಸಂತ ಎಂದೆ. ಕಥೆ ಹೇಳಿ ಅಂದಳು. ಗೊತ್ತಿಲ್ಲ ಅಂದೆ.

ಸಫರ್ 29

ಹಮ್ದಾನ್ ಬಂದಿಳಿದಿದ್ದಾನೆ, ಜೊತೆಗೆ ಹನ್ನೊಂದು ಜನ. ಶೇಖರ ಮನೆಯಲ್ಲಿ ಉಂಡರು. ಬಂದೂಕು ಕೆಳಗಿಡಲಿಲ್ಲ.

ಮಾಳಿಗೆಗೆ ಹೋದೆವು. ಶಾಲು ಅಲುಗಲಿಲ್ಲ. "ಇಲ್ಲ," ಅಂದೆ. "ನಾಳೆ," ಅಂದ ಹಮ್ದಾನ್.

ಸಫರ್ 30

ಆಕಾಶದಲ್ಲಿ ಒಂದು ಎಳೆ ಮೋಡವೂ ಇಲ್ಲವೆಂದು ಬೆಳಗ್ಗೆಯಿಂದ ಎಲ್ಲರೂ ಹೇಳುತ್ತಿದ್ದರು. ಒಳ್ಳೆಯ ಸುದ್ದಿಯೆಂಬಂತೆ.

ಸಂಜೆ ಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಬಲಕ್ಕೆ ಶೇಖ್ ಅಮ್ರ್, ಎಡಕ್ಕೆ ಹಮ್ದಾನ್. ಅವನ ಬಂದೂಕಿನ ಎಣ್ಣೆಯ ವಾಸನೆ. ಕೆಳಗೆ ಮುಕ್ಬಿಲನ ಜನ, ಅವರೂ ಬರಿಗೈಯಲ್ಲಿ ಬಂದಿರಲಿಲ್ಲ. ನನ್ನ ಬೆನ್ನಿಗೆ ತಖಿಯ್ಯಾ. ಅವಳ ಸೊಂಟದ ಮೇಲಿದ್ದ ಮಗು ಒಮ್ಮೆ ಕೆಮ್ಮಿತು.

ಕೆನ್ನೆಯ ಮೇಲಿನ ಬಿಸಿ ಆರಿತು. ಸೂರ್ಯ ಇಳಿದನೆಂದು ಹಾಗೆ ತಿಳಿದೆ. ಸುನೈದ್ ಬಾಂಗ್ ಕೊಟ್ಟ. ಮುಗಿಸಿದ.



"ಇಲ್ಲವಲ್ಲ," ಅಂದ ಹಮ್ದಾನನ ಕಡೆಯವನೊಬ್ಬ.

"ತಡಿ," ಅಂದರು ಶೇಖರು.

ನನ್ನ ಮುಂದೆ ನನ್ನ ಗೆರೆ ಮಾತ್ರ ನೇತಾಡುತ್ತಿತ್ತು, ನನ್ನದೇ, ಯಾರಿಗೂ ಬೇಡದ್ದು. ಕಣ್ಣು ಮುಚ್ಚಿದೆ. ಶಾಲಿನ ಅಂಚಿನ ಮೇಲೆ ಇಡೀ ಜೀವವನ್ನಿಟ್ಟುಕೊಂಡು ನಿಂತೆ. ಒಂದು, ಎರಡು, ಮೂರು. ಹಮ್ದಾನ್ ಗಂಟಲು ಸರಿಮಾಡಿಕೊಂಡ. ಬಂದೂಕಿನ ಪಟ್ಟಿ ಹೆಗಲ ಮೇಲೆ ಸರಿದ ಸದ್ದು.

ಶಾಲು ಜಗ್ಗಿತು. ಎಡಕ್ಕೆ.

"ಕಂಡೆ!" ಹಳೆಯ ಧ್ವನಿ ಎಲ್ಲಿತ್ತೋ, ಎದ್ದು ಬಂತು. ಕೈ ಎಡಕ್ಕೆ ಚಾಚಿದೆ. "ಅಗೋ, ಬೆಟ್ಟದ ಹೆಗಲ ಮೇಲೆ! ಕೂದಲೆಳೆಯಷ್ಟು! ರಬೀ ತಿಂಗಳ ಚಂದ್ರ!"

ಚಾಚಿದ ಕೈ ಇಳಿಸಲಿಲ್ಲ. ಎಷ್ಟು ಹೊತ್ತೋ.

ಆಮೇಲೆ ಸುನೈದನ ಪಿಸುಮಾತು: "ಹೌದು. ಕಂಡ."

"ನನಗೂ," ಅಂದರು ಶೇಖ್ ಅಮ್ರ್, ನಿಧಾನವಾಗಿ. ಕೆಳಗಿನಿಂದ ಮುಕ್ಬಿಲ್ ಕೂಗಿದ, "ಕಂಡ, ಕಂಡ!" ಒಬ್ಬರ ಹಿಂದೊಬ್ಬರು. ಹೆಂಗಸರು, ಮಕ್ಕಳು. ಹಮ್ದಾನ್ ಮಾತ್ರ ನನ್ನ ಪಕ್ಕ ಉಸಿರಾಡುತ್ತ ನಿಂತಿದ್ದ. ಹಿಂದೆ ನಶ್ವಾನ್ ಮತ್ತೆ ಕೆಮ್ಮಿದ. ಹಮ್ದಾನ್ ಆ ಕಡೆ ತಿರುಗಿದ್ದು ಬಟ್ಟೆಯ ಸದ್ದಿನಿಂದ ತಿಳಿಯಿತು. ಬಹಳ ಹೊತ್ತು ತಿರುಗಿಯೇ ಇದ್ದ.

"ಕಂಡ," ಅಂದ ಕೊನೆಗೆ. "ಸಣ್ಣಗಿದ್ದಾನೆ. ಇದ್ದಾನೆ." ಮೆಟ್ಟಿಲಿಳಿದು ಹೋದ. ಅವನ ಜನ ಹಿಂದೆ.

ಜನ ಕರಗಿದ ಮೇಲೆ ನಾವಿಬ್ಬರೇ ಉಳಿದೆವು. ತಖಿಯ್ಯಾ ನನ್ನ ಮೊಣಕೈ ಹಿಡಿದು ಮೆಟ್ಟಿಲ ಕಡೆ ನಡೆಸಿದಳು. ನನಗೆ ಹುಚ್ಚು ಸಂತೋಷ. ಆಕಾಶ ನನ್ನನ್ನು ಕ್ಷಮಿಸಿತ್ತಲ್ಲ! ಮೂವತ್ತಕ್ಕೇ ಬಂದನಲ್ಲ!

"ಮಗಳೇ, ಹೇಗಿದ್ದ? ನಿಜವಾಗಿ ಕೂದಲೆಳೆಯಷ್ಟೇನಾ? ಕೊಂಬು ಯಾವ ಕಡೆಗಿತ್ತು?"

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

"ನಾನು ತಲೆ ಎತ್ತಲೇ ಇಲ್ಲ ಮೇಷ್ಟ್ರೇ," ಅಂದಳು. "ಮೆಟ್ಟಿಲಿದೆ. ಕಾಲು ನೋಡಿಕೊಂಡು ಇಡಿ."